ಸಮಕ್ಕೆ ಅರ್ಧ ಮಾತ್ರೆ ಮೊದಲು

ದೆವ್ವ, ಶಕುನ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಸುಮ್ಮನಿರುವ ಸ್ವಭಾವವೂ ನನ್ನದಲ್ಲ. ವಿಶ್ವವಿದ್ಯಾಲಯವೊಂದರ ಸಂಗೀತ ವಿಭಾಗದಲ್ಲಿ ನಾನು ಬಹಳ ವರ್ಷ ಪಾಠ ಹೇಳಿದೆ. ಅಲ್ಲಿ ಹಾರ್ಮೋನಿಯಂ ಕಲಿಸುವ ಸಹೋದ್ಯೋಗಿಯೊಬ್ಬರು, ತೀರಿಹೋದ ತಮ್ಮ ಗುರುಗಳ ತಂಬೂರಿ ಮುಚ್ಚಿದ ಕೋಣೆಯಲ್ಲಿ ತಾನಾಗಿ ಮಿಡಿಯುತ್ತದೆ ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. "ಇಲಿ ಇರಬೇಕು, ಬೋನು ಇಡಿ" ಎಂದುಬಿಟ್ಟೆ. ಅವರು ಎರಡು ತಿಂಗಳು ನನ್ನ ಜೊತೆ ಚಹಾ ಕುಡಿಯಲಿಲ್ಲ. ನನಗೇನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತು. ಯಾಕೆಂದರೆ ಆಗಲೇ ನನ್ನ ಹೊಟ್ಟೆಯಲ್ಲಿ ಒಂದು ಸಂಗತಿ ಇತ್ತು, ಅದಕ್ಕೆ ಯಾವ ಬೋನೂ ಸಾಲದು ಎಂದು ನನಗೆ ಗೊತ್ತಿತ್ತು.

ನಿವೃತ್ತಿಗೆ ಎರಡು ವರ್ಷ ಇದ್ದಾಗ ಒಬ್ಬ ವಿದ್ಯಾರ್ಥಿನಿ ಪ್ರಬಂಧ ಬರೆಯುತ್ತಿದ್ದಳು. ನಮ್ಮ ವಿಭಾಗದ ಸಂಗೀತ ಕಚೇರಿಗಳಿಗೆ ಬರುವ ಶ್ರೋತೃಗಳು ಎಲ್ಲಿ ತಲೆದೂಗುತ್ತಾರೆ, ಎಲ್ಲಿ ಚಪ್ಪಾಳೆ ಹೊಡೆಯುತ್ತಾರೆ, ಯಾವಾಗ ಮೆಲ್ಲಗೆ ಎದ್ದು ಕ್ಯಾಂಟೀನಿಗೆ ಹೋಗುತ್ತಾರೆ, ಇದೇ ಅವಳ ವಿಷಯ. ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು. ಜನ ನಕ್ಕರು, ನನಗೆ ಮಾತ್ರ ಅವಳ ಕೆಲಸ ಇಷ್ಟವಾಯಿತು. ಕೊನೆಗೆ ಅವಳು ನನ್ನ ಹತ್ತಿರ ಬಂದು, "ಸರ್, ನಿಮ್ಮ ಹಾಡಿಗೆ ಸಿಕ್ಕ ಮರೆಯಲಾಗದ ಪ್ರತಿಕ್ರಿಯೆ ಯಾವುದು" ಎಂದು ಕೇಳಿದಳು. ದೊಡ್ಡ ಊರೊಂದರಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಕಥೆ ಹೇಳಿದೆ. ಅವಳು ಬರೆದುಕೊಂಡಳು. ಸಭೆ ಎದ್ದು ನಿಂತದ್ದು ನಿಜ. ಆದರೆ ಅವಳು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಉತ್ತರ ಇದು, ಓದುಗರೇ. ಇದನ್ನು ನಿಮ್ಮ ಮುಂದೆ ಇಡುವುದಕ್ಕೆ ನಾನು ಇಷ್ಟು ಮುದುಕನಾಗಬೇಕಾಯಿತು.

ನಮ್ಮದು ಸುರಪುರ. ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ಅಪ್ಪ ತಹಸೀಲ ಕಚೇರಿಯಲ್ಲಿ ಜವಾನ. ಅವ್ವ ನಾವು ಸಣ್ಣವರಿದ್ದಾಗಲೇ ತೀರಿಹೋಗಿದ್ದಳು. ನನ್ನನ್ನೂ ನನಗಿಂತ ಮೂರು ವರ್ಷ ದೊಡ್ಡವಳಾದ ನೀಲಕ್ಕನನ್ನೂ ಸಾಕಿದವಳು ಚಿಕ್ಕಮ್ಮ, ನಮ್ಮ ಬಾಯಲ್ಲಿ ಚಿಗವ್ವ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಸಂಜೆ ಸಂಗೀತ ಪಾಠಶಾಲೆ. ಪಾಠಶಾಲೆ ಎಂದರೆ ದೊಡ್ಡದೇನೂ ಅಲ್ಲ, ಹಳೆಯ ವಾಡೆಯೊಂದರ ಪಕ್ಕದ ಪಡಸಾಲೆ. ಎರಡು ತಂಬೂರಿ, ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಹತ್ತೋ ಹನ್ನೆರಡೋ ಹುಡುಗರು, ಮತ್ತು ನಮ್ಮ ಮಾಸ್ತರರು. ಅವರು ಎಲ್ಲೆಲ್ಲೋ ಅಲೆದು ಕಲಿತು ಬಂದವರು. ಒಂದು ಕಿವಿ ಮಂದ. ಇನ್ನೊಂದು ಕಿವಿಗೆ ಮಾತ್ರ ಯಾರೂ ಮೋಸ ಮಾಡುವ ಹಾಗಿರಲಿಲ್ಲ.

ಆಗ ರಜೆ ಶುಕ್ರವಾರ. ತಿಂಗಳಿಗೆ ಎರಡು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದ ಮೇಲೆ, ಆ ಪಡಸಾಲೆಯಲ್ಲಿ ಬೈಠಕ್ಕು ನಡೆಯುತ್ತಿತ್ತು. ಮಾಸ್ತರರು ಹಾಡುತ್ತಿದ್ದರು, ಇಲ್ಲವೇ ಹಾದಿಯ ಮೇಲೆ ಸಿಕ್ಕ ಗವಾಯಿ ಒಬ್ಬರು. ಗಂಡಸರು ಜಮಖಾನೆಯ ಮೇಲೆ. ತಹಸೀಲ ಕಚೇರಿಯ ಮುನ್ಷಿಗಳು "ಬಹುತ್ ಖೂಬ್" ಎನ್ನುವರು, ನಮ್ಮ ರೈತರು "ಹೌದ ಹೌದ" ಎನ್ನುವರು. ಶಹಾಪುರದಿಂದ ಬರುವ ಅಡತಿ ಸಾಹುಕಾರರೊಬ್ಬರಿದ್ದರು, ಹತ್ತಿ ವ್ಯಾಪಾರದವರು. ಅವರು ಹಾಡು ಶುರುವಾದೊಡನೆ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದರು. ಆದರೆ ತಾಳ ಒಂದು ಸುತ್ತು ಮುಗಿಸಿ ಮತ್ತೆ ಮೊದಲ ಪೆಟ್ಟಿಗೆ ಬಂದು ಬೀಳುತ್ತದಲ್ಲ, ಅದನ್ನು ನಾವು ಸಮ ಎನ್ನುತ್ತೇವೆ, ಸರಿಯಾಗಿ ಆ ಸಮಕ್ಕೆ ಎಚ್ಚರಾಗಿ "ವಾಹ್" ಎಂದು ಮತ್ತೆ ಮಲಗುತ್ತಿದ್ದರು. ಅಷ್ಟು ಲೆಕ್ಕದ ನಿದ್ದೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಹೆಣ್ಣುಮಕ್ಕಳು ಹಿಂದೆ, ಬಿದಿರು ಕಡ್ಡಿ ಹೆಣೆದ ಪರದೆಯ ಆಚೆ. ಅವರಿಗೆ ನಾವು ಕಾಣುತ್ತಿದ್ದೆವು, ನಮಗೆ ಅವರು ಕಾಣುತ್ತಿರಲಿಲ್ಲ. ಗಂಡಸರ ಬೈಠಕ್ಕಿನಲ್ಲಿ ಹೆಣ್ಣಿನ ದನಿ ಕೇಳಬಾರದು ಎಂಬ ಕಟ್ಟು ಇತ್ತು. ಆದ್ದರಿಂದ ಅವರು ಮೆಚ್ಚಿದ್ದನ್ನು ಕೈಯಿಂದ ಹೇಳುತ್ತಿದ್ದರು. ಗವಾಯಿ ಚೆನ್ನಾಗಿ ಸುತ್ತಿಕೊಂಡು ಬಂದು ಸಮಕ್ಕೆ ಇಳಿದರೆ ಪರದೆಯ ಹಿಂದೆ ಒಮ್ಮೆ ಬಳೆಗಳ ಸಪ್ಪಳ. ಇಳಿಯದಿದ್ದರೆ ಏನೂ ಇಲ್ಲ. ಗಂಡಸರ ವಾಹ್‌ವಾ ಅರ್ಧ ಮರ್ಯಾದೆಗೆ ಬರುತ್ತದೆ ಎಂದು ಎಲ್ಲ ಗವಾಯಿಗಳಿಗೂ ಗೊತ್ತು. ಬಳೆಗಳಿಗೆ ಮರ್ಯಾದೆ ಮಾಡಬೇಕಾದ ದರ್ದು ಇರಲಿಲ್ಲ. ಮಾಸ್ತರರು ಹಾಡುವಾಗ ಅವರ ಕೇಳುವ ಕಿವಿ ಯಾವಾಗಲೂ ಪರದೆಯ ಕಡೆಗೇ ಇರುತ್ತಿತ್ತು.

ನೀಲಕ್ಕ ಆ ಪರದೆಯ ಹಿಂದೆ, ತುದಿಯಲ್ಲಿ, ಕಂಬಕ್ಕೆ ಆತು ಕೂಡುತ್ತಿದ್ದಳು. ಅವಳಿಗೆ ಯಾರೂ ಸಂಗೀತ ಹೇಳಿಕೊಡಲಿಲ್ಲ, ನಮ್ಮ ಮನೆತನದಲ್ಲಿ ಅದು ಆಗುವ ಮಾತಲ್ಲ. ಕೇಳಿ ಕೇಳಿಯೇ ಕಲಿತಳು, ನನಗಿಂತ ಚೆನ್ನಾಗಿ ಕಲಿತಳು. ನಸುಕಿನಲ್ಲಿ ಅವಳು ಜೋಳ ಬೀಸುತ್ತಿರುವಾಗ ನಾನು ಎದುರಿಗೆ ಕೂತು ಸಾಧನೆ ಮಾಡುತ್ತಿದ್ದೆ. ತಪ್ಪಿದರೆ ಬೀಸುಕಲ್ಲು ನಿಲ್ಲುತ್ತಿತ್ತು. ಮಾತಿಲ್ಲ, ಬೈಗುಳವಿಲ್ಲ. ಸರಿಯಾಗುವ ತನಕ ಕಲ್ಲು ತಿರುಗುತ್ತಿರಲಿಲ್ಲ. ಒಂದೊಂದು ದಿನ ಹಿಟ್ಟು ಸಾಲದೆ ಚಿಗವ್ವ ನಮ್ಮಿಬ್ಬರನ್ನೂ ಬೈದದ್ದುಂಟು.

ಅವಳಲ್ಲಿ ಒಂದು ಚಾಳಿ ಇತ್ತು. ಉಳಿದ ಹೆಣ್ಣುಮಕ್ಕಳ ಬಳೆ ಸಮಕ್ಕೆ ಸರಿಯಾಗಿ ಸಪ್ಪಳ ಮಾಡಿದರೆ, ಇವಳದು ಅರ್ಧ ಮಾತ್ರೆ, ಎಂದರೆ ತಾಳದ ಅರ್ಧ ಎಣಿಕೆ, ಮೊದಲೇ. ತಾಳ ಗೊತ್ತಿರಲಿಲ್ಲವೆಂದಲ್ಲ. ಹಾಡುವವನು ಎಲ್ಲಿ ಬಂದು ಇಳಿಯುತ್ತಾನೆ ಎಂದು ಅವಳಿಗೆ ಮೊದಲೇ ತಿಳಿದುಬಿಡುತ್ತಿತ್ತು, ತಿಳಿದ ಮೇಲೆ ಅವಳಿಂದ ತಡೆಯಲಾಗುತ್ತಿರಲಿಲ್ಲ. ಮಾಸ್ತರರಿಗೆ ಇದು ಬಹಳ ಇಷ್ಟ. ಹಾಡು ಮುಗಿದ ಮೇಲೆ ಪರದೆಯ ಕಡೆ ತಿರುಗಿ ನಗುತ್ತ ಹೇಳುತ್ತಿದ್ದರು: "ನೀಲವ್ವಾ, ನಾ ಇನ್ನ ಮನಿ ಮುಟ್ಟಿಲ್ಲ, ನೀ ಆಗಲೇ ಬಾಗಿಲಾ ತೆಗದು ನಿಂತಿರ್ತಿ." ಆಚೆ ಹೆಂಗಸರೆಲ್ಲ ಕಿಸಕ್ಕನೆ ನಗುತ್ತಿದ್ದರು.

ನನಗೆ ಹದಿನಾರು ತುಂಬಿದ ವರ್ಷ ಕಲಬುರಗಿ ಕಡೆಯ ಗವಾಯಿ ಒಬ್ಬರು ಬಂದಿದ್ದರು. ಸಿಡುಕಿನ ಮನುಷ್ಯ. ಅವರು ಸಮಕ್ಕೆ ಬರುವ ಮೊದಲೇ ನೀಲಕ್ಕನ ಬಳೆ ಸಪ್ಪಳಾಯಿತು. ಅವರು ಹಾಡು ನಿಲ್ಲಿಸಿ, ಪರದೆಯ ಹಿಂದೆ ಯಾರಿಗೋ ಬಹಳ ಅವಸರವಿದೆ ಎಂದು ಉರ್ದುವಿನಲ್ಲಿ ಚುಚ್ಚಿ ಮಾತಾಡಿದರು. ಗಂಡಸರೆಲ್ಲ ನಕ್ಕರು. ಮರುದಿನ ಶಾಲೆಯಲ್ಲಿ ಹುಡುಗರು ನನ್ನನ್ನು ಬಿಡಲಿಲ್ಲ. ಆ ವಯಸ್ಸಿನಲ್ಲಿ ಮರ್ಯಾದೆ ಎಂಬುದು ಮೈಗೆ ದೊಡ್ಡದಾದ ಅಂಗಿಯಂತೆ, ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಗೆ ಬಂದು ನೀಲಕ್ಕನಿಗೆ ಹೇಳಿದೆ: "ಇನ್ನ ಮ್ಯಾಲೆ ಬರೂದಾದ್ರ ಕೈ ಕಟ್ಟಿಕೊಂಡು ಕೂಡು. ನಿನ್ನ ಸಪ್ಪಳದಿಂದ ನನ್ನ ಮಾನ ಹೋಗಾಕತ್ತದ."

ಅವಳು ರೊಟ್ಟಿ ಬಡಿಯುತ್ತಿದ್ದಳು. "ಆಗಲಿ ತಮ್ಮಾ" ಎಂದಳು, ಅಷ್ಟೇ.

ಮುಂದಿನ ಬೈಠಕ್ಕಿನಲ್ಲಿ ಪರದೆಯ ಹಿಂದಿನಿಂದ ಆ ಸಪ್ಪಳ ಬರಲಿಲ್ಲ. ಅವಳು ಕೂಡುವ ಮೊದಲು ಎರಡೂ ಕೈಗಳಿಗೆ ಬಳೆಯ ಮೇಲೆ ಸೆರಗು ಸುತ್ತಿಕೊಂಡಿದ್ದಳಂತೆ. ಚಿಗವ್ವ ಆಮೇಲೆ ಹೇಳಿದಳು. ಅಂದಿನಿಂದ ಹಾಗೆಯೇ ಕೂತಳು. ಮೂರನೆಯ ಸಲಕ್ಕೆ ಮಾಸ್ತರರು ನನ್ನನ್ನು ಕರೆದು ಕೇಳಿದರು.

"ನೀಲವ್ವ ಬರವಲ್ಲಳೇನು?"

"ಬರ್ತಾಳ್ರಿ."

"ಮತ್ತ ಬಾಗಿಲಾ ಯಾರೂ ತೆಗೀವಲ್ರಲ್ಲೋ."

ನಾನು ತಂಬೂರಿಯ ತಂತಿ ಒರೆಸುತ್ತ ಕೂತೆ. ಆಗಲೇ ಮನೆಗೆ ಹೋಗಿ, ತಪ್ಪಾಯಿತು ಅಕ್ಕಾ, ಕೈಗೆ ಸುತ್ತಿದ ಸೆರಗು ಬಿಚ್ಚು ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ವರ್ಷವೇ ಅವಳ ಮದುವೆಯಾಯಿತು.

ಕೊಟ್ಟದ್ದು ದೋರನಹಳ್ಳಿಗೆ. ಹತ್ತಿ, ಜೋಳ ಬೆಳೆಯುವ ಮನೆ, ಒಳ್ಳೆಯ ಜನ. ಅವಳು ಹೋದ ಮೇಲೆ ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಚಿಗವ್ವ ಕೂಡತೊಡಗಿದಳು. ನಾನು ಎಷ್ಟು ತಪ್ಪು ಹಾಡಿದರೂ ಕಲ್ಲು ತಿರುಗುತ್ತಲೇ ಇತ್ತು. ತಪ್ಪುವವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ ಎಂದು ನನಗೆ ಗೊತ್ತಾಯಿತು. ಸಾಧನೆಯ ನಡುವೆ ಹಾಡು ನಿಲ್ಲಿಸಿ ಕೂತುಬಿಡುತ್ತಿದ್ದೆ. ಅಕ್ಕನ ಬಳೆಯ ಸಪ್ಪಳ ಕೇಳಬೇಕು ಎಂಬ ಆಸೆ ಹಸಿವಿನ ಹಾಗೆ ಹೊತ್ತುಹೊತ್ತಿಗೆ ಬರುತ್ತಿತ್ತು. ಊರಿಗೆ ಬಂದಾಗ ಹೇಳೋಣ, ಪರದೆಯ ಹಿಂದೆ ಕೂಡಿಸಿ ಮೊದಲಿನ ಹಾಗೆ ಬಾಗಿಲು ತೆಗೆಸೋಣ ಎಂದು ಕಾದೆ. ಪಂಚಮಿಗೆ ಬಂದಾಗ ಬೈಠಕ್ಕು ಕೂಡಿಬರಲಿಲ್ಲ, ಮಾತೂ ಮುಂದಕ್ಕೆ ಹೋಯಿತು. ಮದುವೆಯಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ, ಭಾವ ವಿಷಮಜ್ವರದಿಂದ ತೀರಿಹೋದರು. ನಾವು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅಂಗಳದ ಮೂಲೆಯಲ್ಲಿ ಯಾರೋ ಗುಡಿಸಿಟ್ಟಿದ್ದ ಹಸಿರು ಗಾಜಿನ ಚೂರುಗಳನ್ನು ನಾನು ನೋಡಿದೆ. ಅವಳ ಮುಖ ನೋಡಲಿಲ್ಲ.

ಅದಾಗಿ ಏಳೆಂಟು ತಿಂಗಳಿಗೆ ಮಾಸ್ತರರು, ಇನ್ನು ನೀನೊಬ್ಬನೇ ಕೂತು ಪೂರ್ತಿ ಬೈಠಕ್ಕು ಹಾಡಬೇಕು ಎಂದರು. ಯಾವ ಶುಕ್ರವಾರ ಎಂಬುದನ್ನೂ ಗೊತ್ತುಮಾಡಿದರು. ನನಗೆ ಮೊದಲು ಹೊಳೆದದ್ದು ದೋರನಹಳ್ಳಿ. ಯುದ್ಧ ಮುಗಿದಿದ್ದರೂ ನಮ್ಮ ಕಡೆ ಇನ್ನೂ ಇದ್ದಿಲಿನ ಬಸ್ಸೇ ಓಡುತ್ತಿತ್ತು. ಹಿಂದೆ ಒಲೆಯಂಥದ್ದು ಕಟ್ಟಿಕೊಂಡು, ಏರು ಬಂದರೆ ಪ್ರಯಾಣಿಕರನ್ನೇ ಇಳಿಸಿ ತಳ್ಳಿಸಿಕೊಳ್ಳುವ ಬಸ್ಸು. ಅದರಲ್ಲಿ ಶಹಾಪುರಕ್ಕೆ ಹೋಗಿ, ಅಲ್ಲಿಂದ ಹತ್ತಿ ಒಯ್ದು ಖಾಲಿ ಮರಳುತ್ತಿದ್ದ ಬಂಡಿ ಹತ್ತಿ ದೋರನಹಳ್ಳಿ ಮುಟ್ಟಿದೆ. ಎಲ್ಲ ಸೇರಿ ಏಳು ಹರದಾರಿ ಹಾದಿ.

ಅಕ್ಕನ ಅತ್ತೆ ನನಗೆ ಮೊದಲು ಉಣ್ಣಲು ಹಾಕಿದರು. ಉಂಡ ಮೇಲೆ ವಿಷಯ ಹೇಳಿದೆ. ಅವರು ತಾಟು ಎತ್ತಿಟ್ಟು ಬಂದು ಎದುರಿಗೆ ಕೂತರು.

"ನೋಡಪಾ, ಇನ್ನ ವರ್ಷ ತುಂಬಿಲ್ಲ. ಬಳಿ ಒಡದ ಹೆಣಮಗಳು ಹಾಡು ಕೇಳಾಕ ಹೋದ್ಲು ಅಂದ್ರ ಮಂದಿ ನಿನಗೇನೂ ಅನ್ನೂದಿಲ್ಲ, ಆಕಿಗೇ ಅಂತಾರ. ನನ್ನ ಮಗನ್ನ ನೆನಸಿಕೊಂಡರ ನನಗೂ ಯಾರನ್ನೂ ಕಳಸೂ ಮನಸಿಲ್ಲ. ತಪ್ಪು ತಿಳಕೋಬ್ಯಾಡ."

ತಪ್ಪು ತಿಳಿಯಲು ಅದರಲ್ಲಿ ಏನೂ ಇರಲಿಲ್ಲ. ಬಂಡಿ ಹತ್ತುವಾಗ ನೀಲಕ್ಕ ಬಾಗಿಲ ತನಕ ಬಂದಳು. ಹಣೆ ಖಾಲಿ, ಕೈ ಖಾಲಿ. ಯಾವ ಶುಕ್ರವಾರ ಎಂದು ಕೇಳಿದಳು, ಹೇಳಿದೆ. ಯಾವ ರಾಗ ಎಂದಳು. ಮಾಸ್ತರರು ಇನ್ನೂ ಹೇಳಿಲ್ಲ ಎಂದೆ. ಅದು ನಿಜ, ಅವರು ಹೇಳಿರಲಿಲ್ಲ. ಆಮೇಲೆ ನಾನು ಆ ಹಳೆಯ ಮಾತನ್ನು ತೆಗೆಯಲು ಬಾಯಿ ತೆರೆದೆ. "ಅಕ್ಕಾ, ಅವತ್ತ ನಾ ನಿನಗ..." ಎನ್ನುವಷ್ಟರಲ್ಲಿ ಅವಳು ತಡೆದಳು.

"ನೀ ಹೋಗಿ ಚಂದಂಗ ಹಾಡು. ನಾ ಬಂದರ ಏನ್ ಮಾಡ್ಲಿ ತಮ್ಮಾ? ಸಪ್ಪಳ ಮಾಡಾಕ ಕೈಯಾಗ ಏನದ?"

ಅವಳು ಅದನ್ನು ನೋವಾಗಲಿ ಎಂದು ಹೇಳಲಿಲ್ಲ, ಮನೆಯಲ್ಲಿ ಉಪ್ಪಿಲ್ಲ ಎನ್ನುವ ಹಾಗೆ ಹೇಳಿದಳು. ಶಹಾಪುರದ ತನಕ ನಾನು ಬಂಡಿಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಬಂಡಿಯವನು ಧೂಳಿಗೆ ಎಂದು ತಿಳಿದಿರಬೇಕು.

ಆ ಶುಕ್ರವಾರ ಬಂತು. ಬಿಸಿಲು ಸ್ವಲ್ಪ ಇಳಿದಿತ್ತು. ಮಾಸ್ತರರು ಆಗಷ್ಟೇ, ಭೀಮಪಲಾಸ ಹಾಡು ಎಂದರು; ಹೊತ್ತಿಗೆ ಒಪ್ಪುವ ರಾಗ, ಅಕ್ಕನ ಎದುರು ನೂರಾರು ಸಲ ಹಾಡಿದ ರಾಗ. ತಬಲಾಕ್ಕೆ ಹುಸೇನ್‌ಸಾಬರು ಕೂತರು. ಅರವತ್ತು ದಾಟಿದವರು, ಕೈ ಹತ್ತಿಯಂತೆ ಮೃದು. ಪಡಸಾಲೆ ತುಂಬಿತ್ತು. ಅಡತಿ ಸಾಹುಕಾರರು ಬಂದು ತಮ್ಮ ಗೋಡೆ ಹಿಡಿದರು. ಪರದೆಯ ಹಿಂದೆ ಹೆಣ್ಣುಮಕ್ಕಳು ಬಂದು ಕೂತ ಸದ್ದಾಯಿತು. ಅವರಲ್ಲಿ ಚಿಗವ್ವ ಇದ್ದಾಳೆ ಎಂದು ಗೊತ್ತಿತ್ತು.

ಮೊದಲ ಸುತ್ತಿನಲ್ಲಿ ಶ್ರುತಿ ಕೊಂಚ ಜಾರಿತು. ಆಮೇಲೆ ಸರಿಹೋಯಿತು. ನಿಧಾನದ ಹಾಡು, ಒಂದೊಂದು ಸುತ್ತಿಗೂ ಬೇಕಾದಷ್ಟು ಸ್ಥಳ. ಸಮಕ್ಕೆ ಇಳಿದಾಗಲೆಲ್ಲ ಪರದೆಯ ಹಿಂದೆ ಬಳೆ ಮಾತಾಡಿದವು, ಸಾಹುಕಾರರು ಎದ್ದು "ವಾಹ್" ಎಂದು ಮಲಗಿದರು. ಎಲ್ಲ ಹೇಗೆ ನಡೆಯಬೇಕೋ ಹಾಗೆ ನಡೆದಿತ್ತು. ಎಲ್ಲರೂ ಸರಿಯಾದ ಹೊತ್ತಿಗೆ ಮೆಚ್ಚುತ್ತಿದ್ದರು. ಸರಿಯಾದ ಹೊತ್ತಿಗೆ ಮೊದಲು ಮೆಚ್ಚುವವಳು ಅಲ್ಲಿರಲಿಲ್ಲ. ನಾನು ಅವಳನ್ನೇ ನೆನೆಯುತ್ತ ಮೇಲಿನ ಷಡ್ಜಕ್ಕೆ ಹೋದೆ, ಅಲ್ಲಿ ನಿಂತೆ, ಬಹಳ ಹೊತ್ತು ನಿಂತೆ. ಕೆಳಗಿಳಿಯುವ ಹಾದಿ ಕಂಡಿತು. ಇಳಿಯತೊಡಗಿದೆ. ಇನ್ನು ಸಮ ಬರಬೇಕು, ಒಂದೇ ಹೆಜ್ಜೆ.

ಆಗ ಬಳೆ ಸಪ್ಪಳಾಯಿತು.

ಸಮಕ್ಕೆ ಅರ್ಧ ಮಾತ್ರೆ ಮೊದಲು. ಪರದೆಯ ತುದಿಯಿಂದ, ಕಂಬದ ಹತ್ತಿರದಿಂದ. ಗಾಜಿನ ಬಳೆ, ನಾಲ್ಕೈದು ಇದ್ದಿರಬೇಕು, ಒಮ್ಮೆ ಕೈ ಎತ್ತಿ ಇಳಿಸಿದರೆ ಆಗುವಷ್ಟು. ನಾನು ಆ ಸಪ್ಪಳವನ್ನು ಹುಟ್ಟಿದಾಗಿನಿಂದ ಬಲ್ಲೆ. ಅದರ ಜೊತೆ ರೊಟ್ಟಿ ತಿಂದಿದ್ದೇನೆ, ಅದರ ಜೊತೆ ನಿದ್ದೆ ಹೋಗಿದ್ದೇನೆ.

ನನ್ನ ಬಾಯಿ ಹಾಗೇ ನಿಂತಿತು. ಸಮ ಬಂತು, ನಾನಿಲ್ಲದೆ ದಾಟಿಹೋಯಿತು. ಹುಸೇನ್‌ಸಾಬರು ತಲೆ ಎತ್ತಿ ಪರದೆಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು, ಏನೂ ಆಗಿಲ್ಲವೆಂಬಂತೆ ಇನ್ನೊಂದು ಸುತ್ತು ಬಾರಿಸಿ ನನ್ನನ್ನು ಕಾದರು. ನಾನು ಕೂಡಿಕೊಂಡೆ. ಆಮೇಲೆ ಒಂದು ತಾಸು ಹಾಡಿದೆನಂತೆ. ಆ ತಾಸಿನುದ್ದಕ್ಕೂ ನಾನು ಮಾಡಿದ್ದು ಒಂದೇ ಕೆಲಸ: ಪ್ರತಿ ಸಮದ ಮುಂದೆ ಆ ಅರ್ಧ ಮಾತ್ರೆಯ ಜಾಗವನ್ನು ಖಾಲಿ ಬಿಟ್ಟು ಕೇಳಿದೆ. ಇನ್ನೊಮ್ಮೆ ಬರಲಿ, ಒಂದೇ ಒಂದು ಸಲ ಬರಲಿ ಎಂದು ಬೇಡಿಕೊಂಡೆ. ಬರಲಿಲ್ಲ. ಜನ ಮಾತ್ರ ಇಂಥ ಭೀಮಪಲಾಸ ಕೇಳಿರಲಿಲ್ಲ ಎಂದರು.

ಹಾಡು ಮುಗಿದೊಡನೆ ನಾನು ಯಾರಿಗೂ ಕೈಮುಗಿಯದೆ ಎದ್ದು ಪರದೆಯ ಆಚೆ ಹೋದೆ. ಹೆಂಗಸರು ಹಿಂಬಾಗಿಲಿನಿಂದ ಹೊರಟಿದ್ದರು. ಚಿಗವ್ವನನ್ನು ನಿಲ್ಲಿಸಿ, ಕಂಬದ ಹತ್ತಿರ ಯಾರು ಕೂತಿದ್ದರು ಎಂದು ಕೇಳಿದೆ.

"ಅಲ್ಲಿ ಯಾರ್ ಕೂಡ್ತಾರೋ? ನೀಲಿ ಜಾಗಾ ಅಂತ ಬಿಟ್ಟೀವಿ. ಕುಡಿಯೂ ನೀರಿನ ಕೊಡಾ ಇಟ್ಟಿದ್ವಿ."

"ನಾ ಸಮಾ ಬಿಟ್ಟಾಗ ಯಾರ ಬಳಿ ಸಪ್ಪಳಾತು?"

"ನೀ ಸಮಾ ಬಿಟ್ಟ ಮ್ಯಾಲೆ ನಾವ್ಯಾಕ ಸಪ್ಪಳ ಮಾಡಬೇಕು? ಆ ಸುತ್ತಿನಾಗ ಒಂದ ಕೈನೂ ಅಲಗಿಲ್ಲ. ನಿನಗೇನರ ಆಗ್ಯಾದೋ ಅಂತ ನನ್ನ ಎದಿ ಧಸಕ್ ಅಂತು."

ಕಂಬದ ಬುಡದಲ್ಲಿ ತಾಮ್ರದ ಕೊಡವಿತ್ತು. ಅದನ್ನು ನಾನು ಕೈಯಿಂದ ತಟ್ಟಿ ನೋಡಿದೆ, ಬಟ್ಟಲು ತಾಗಿಸಿ ನೋಡಿದೆ. ನನ್ನ ಬುದ್ಧಿ ಆಗಲೇ ಇಲಿ ಹುಡುಕಲು ಶುರುಮಾಡಿತ್ತು. ಕೊಡದ ಸದ್ದು ಕೊಡದ ಸದ್ದೇ. ಗಾಜಿನದು ಬೇರೆ.

ತಿರುಗಿ ಬಂದು ಹುಸೇನ್‌ಸಾಬರನ್ನು ಕೇಳಿದೆ. ಅವರು ತಬಲಾಕ್ಕೆ ಗವಸು ಹಾಕುತ್ತಿದ್ದರು. "ಕೇಳಿತು ಬೇಟಾ. ಚೂಡಿಯಾಂ, ಬಳಿ ಸಪ್ಪಳ. ನಾ ಅದ್ಕ ತಲಿ ಎತ್ತಿದೆ. ಆದ್ರ ನೀ ಯಾಕ ಅಷ್ಟು ಹೆದರಿದಿ? ಹೆಣಮಕ್ಕಳು ಒಮ್ಮೊಮ್ಮೆ ಮೊದಲ ಬಾರಸ್ತಾರ" ಎಂದರು. ಮಾಸ್ತರರ ಹತ್ತಿರ ಕೇಳಲು ನನಗೆ ಧೈರ್ಯ ಬರಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿದಾಗ ಅವರಾಗಿಯೇ ನನ್ನ ತಲೆಯ ಮೇಲೆ ಕೈಯಿಟ್ಟು, "ಭಾಳ ದಿವಸಕ್ಕ ಇವತ್ತ ಬಾಗಿಲಾ ತೆರೀತು" ಎಂದರು. ನನ್ನ ಹಾಡನ್ನು ಮೆಚ್ಚಿ ಹೇಳಿದರೋ, ಆ ಸಪ್ಪಳದ ಬಗ್ಗೆ ಹೇಳಿದರೋ. ಅವರ ಮಂದ ಕಿವಿ ಅಂದು ಯಾವ ಕಡೆಗಿತ್ತು ಎಂದು ನಾನು ನೋಡಿರಲಿಲ್ಲ.

ಮರುದಿನವೇ ದೋರನಹಳ್ಳಿಗೆ ಓಡಬೇಕೆಂದಿದ್ದೆ. ಅಕ್ಕನಿಗೆ ಏನಾದರೂ ಆಗಿದೆಯೋ ಎಂಬ ಭಯ. ಆದರೆ ಆ ವಾರವೇ ಅತ್ತ ಹೋಗಿಬಂದ ಅಪ್ಪನ ಕಚೇರಿಯವರೊಬ್ಬರು ಅವಳು ಚೆನ್ನಾಗಿದ್ದಾಳೆ ಎಂದು ಹೇಳಿದರು. ನಾನು ತಡಮಾಡಿದೆ, ಮತ್ತೆ ತಡಮಾಡಿದೆ. ಅಷ್ಟರಲ್ಲಿ ಗಲಾಟೆಯ ದಿನಗಳು ಬಂದವು. ಬಸ್ಸು ನಿಂತವು, ಬಂಡಿಗಳೂ ನಿಂತವು. ಊರೂರು ಜನ ಗಡಿ ದಾಟಿ ಹೋದರು, ನಮ್ಮ ಪಡಸಾಲೆಗೆ ಬೀಗ ಬಿತ್ತು. ಎಲ್ಲ ತಣ್ಣಗಾಗಿ, ನಿಜಾಮರ ಆಳಿಕೆ ಮುಗಿದು, ರಸ್ತೆ ತೆರೆದ ಮೇಲೆ ನಾನು ದೋರನಹಳ್ಳಿಗೆ ಹೋದೆ. ಅಷ್ಟರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ನೀಲಕ್ಕ ಅಂಗಳದಲ್ಲಿ ಹತ್ತಿಯ ರಾಶಿಯ ಮುಂದೆ ಕೂತು ಕಸ ಆರಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು, ಕಣ್ಣು ಒರೆಸಿಕೊಂಡಳು, ಅಪ್ಪನ ಬಗ್ಗೆ ಕೇಳಿದಳು, ಚಿಗವ್ವನ ಮಂಡಿನೋವಿನ ಬಗ್ಗೆ ಕೇಳಿದಳು. ನಾನು ಎದುರಿಗೆ ಕೂತು ಒಂದು ಹಿಡಿ ಹತ್ತಿ ಎತ್ತಿಕೊಂಡು ಅವಳ ಜೊತೆ ಆರಿಸತೊಡಗಿದೆ. ಹೇಗೆ ಶುರುಮಾಡಲಿ ಎಂದು ಯೋಚಿಸುತ್ತಿದ್ದೆ. ಶುರುಮಾಡಿದವಳು ಅವಳು, ತಲೆ ಎತ್ತದೆಯೇ.

"ಅಲ್ಲೋ ತಮ್ಮಾ, ಅವತ್ತ ಅಷ್ಟು ಚಂದ ಇಳದು ಬಂದು ಸಮಾ ಯಾಕ ಬಿಟ್ಟಿ?"

ಯಾರು ಹೇಳಿರಬಹುದು ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಅಡತಿ ಸಾಹುಕಾರರು ಈ ಮನೆಯ ಹತ್ತಿಯನ್ನೇ ಕೊಳ್ಳುವವರು, ಅವರು ಹೇಳಿರಬಹುದು. ಆದರೆ ಸಮ ಬಂದರೆ ತಾನೇ ಅವರಿಗೆ ಎಚ್ಚರ? ಅಂದು ಆ ಸುತ್ತಿನಲ್ಲಿ ಅವರು ಎದ್ದೇ ಇರಲಿಲ್ಲ. ಚಿಗವ್ವ ದೋರನಹಳ್ಳಿಗೆ ಹೋಗಿರಲಿಲ್ಲ, ಕಾಗದ ಬರೆಯಲು ಅವಳಿಗೆ ಬಾರದು. ಹುಸೇನ್‌ಸಾಬರಿಗೆ ಆ ಮನೆ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಅವಳ ಸುದ್ದಿ ತಂದ ಅಪ್ಪನ ಕಚೇರಿಯವರು ಅಂದು ಬೈಠಕ್ಕಿಗೇ ಬಂದಿರಲಿಲ್ಲ. ಅಥವಾ ಬೀಸುಕಲ್ಲಿನ ಮುಂದೆ ಇಡೀ ಬಾಲ್ಯ ನನ್ನ ತಪ್ಪುಗಳನ್ನು ಕೇಳಿದವಳು, ನಾನು ಎಲ್ಲಿ ಎಡವುತ್ತೇನೆ ಎಂದು ಊಹಿಸಿ ಸುಮ್ಮನೆ ಒಂದು ಮಾತು ಬಿಟ್ಟಿರಬಹುದು. ಇದೇ ನಿಜವಿರಬೇಕು ಎಂದು ಎಷ್ಟೋ ಸಲ ತೀರ್ಮಾನಿಸಿದ್ದೇನೆ. ತೀರ್ಮಾನ ಒಂದು ವಾರ ಬಾಳುತ್ತದೆ. ಅಂದು ಅವಳು ಮನೆಯ ಹೊಸ್ತಿಲು ದಾಟಿರಲಿಲ್ಲ ಎಂದು ಅವಳ ಅತ್ತೆಯನ್ನು ಕೇಳಿ ತಿಳಿದುಕೊಂಡಿದ್ದೇನೆ.

ಆ ಹೊತ್ತಿನಲ್ಲಿ ನನಗೆ ಇದ್ಯಾವುದೂ ತೋಚಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ನೀ ಮೊದಲ ಬಾಗಿಲಾ ತೆಗದಿ ಅಕ್ಕಾ. ಅದಕ್ಕ ಬಿಟ್ಟೆ."

ಹತ್ತಿಯಲ್ಲಿ ಅವಳ ಕೈ ನಿಂತಿತು, ಹಿಂದೆ ನಸುಕಿನಲ್ಲಿ ಬೀಸುಕಲ್ಲು ನಿಲ್ಲುತ್ತಿದ್ದ ಹಾಗೆ. ಅವಳು ತನ್ನ ಖಾಲಿ ಮುಂಗೈಗಳನ್ನು ನೋಡಿಕೊಂಡಳು. ಆಮೇಲೆ ಸೆರಗಿನ ತುದಿ ಎಳೆದು, ಎರಡೂ ಮುಂಗೈಗಳ ಮೇಲೆ ಮೆಲ್ಲಗೆ ಸುತ್ತಿಕೊಂಡಳು. ಚಿಗವ್ವ ಹೇಳಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಕ್ಷಮೆ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕರೆದರು, ಅವಳು ಹತ್ತಿ ಕೊಡವಿ ಎದ್ದುಹೋದಳು. ಮತ್ತೆ ನಾವಿಬ್ಬರೂ ಆ ಮಾತನ್ನು ಎತ್ತಲಿಲ್ಲ. ನಾನು ನೌಕರಿ ಹಿಡಿದು ದೂರ ಹೋದೆ. ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ತರಗತಿಯಲ್ಲಿ ಭೀಮಪಲಾಸವನ್ನಲ್ಲ, ಬೇರೇನನ್ನೋ ಹೇಳಿಕೊಡುತ್ತಿದ್ದೆ. ಏನೂ ಸಪ್ಪಳವಾಗಲಿಲ್ಲ.

ವಿದ್ಯಾರ್ಥಿನಿಯ ಪ್ರಬಂಧ ಅಚ್ಚಾಗಿ ಬಂತು. ಅದರಲ್ಲಿ ನನ್ನ ಬಗ್ಗೆಯೂ ಅರ್ಧ ಪುಟ ಇದೆ. ನಾನು ಪ್ರತಿ ಸಮಕ್ಕೂ ಇಳಿಯುವ ಮುನ್ನ ಕೊಂಚ ತಡೆಯುತ್ತೇನಂತೆ, ಆ ತಡೆಯುವಿಕೆಗೆ ಸಭೆ ಉಸಿರು ಹಿಡಿಯುತ್ತದಂತೆ, ಇದು ನನ್ನ ವಿಶಿಷ್ಟ ಶೈಲಿಯಂತೆ. ನನ್ನ ಶಿಷ್ಯರೂ ಈಗ ಹಾಗೆಯೇ ತಡೆದು ಹಾಡುತ್ತಾರೆ, ಜನ ಮೆಚ್ಚುತ್ತಾರೆ. ಯಾರಿಗೂ ನಾನು ಬೇಡವೆಂದು ಹೇಳಿಲ್ಲ. ಈಗ ಪರದೆ ಇಲ್ಲ, ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲೇ ಕೈತುಂಬ ಬಳೆ ಇಟ್ಟುಕೊಂಡು ಕೂಡುತ್ತಾರೆ, ಹಾಡು ಮುಗಿದ ಮೇಲೆ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಾರೆ.

ಅಂದು ಆ ಬಾಗಿಲು ತೆಗೆದವರು ಯಾರು ಎಂದು ನನಗೆ ಇಂದಿಗೂ ಗೊತ್ತಿಲ್ಲ. ನಾನು ಮನೆ ಮುಟ್ಟುವ ಮೊದಲು ಅರ್ಧ ಮಾತ್ರೆ ಹೊರಗೆ ನಿಂತು ಕೇಳುತ್ತೇನೆ. ಆಮೇಲೆ ನಾನೇ ಬಾಗಿಲು ತೆಗೆದುಕೊಂಡು ಒಳಗೆ ಹೋಗುತ್ತೇನೆ.